ನ್ಯೂಸ್‌ಗ್ರೂಪಿನಲ್ಲಿ ಮೆಸೇಜು ಮಾಯ: ಯಾರ ಮನೆಯಲ್ಲಿ ಕಳೆಯಿತು ಎಂದು ಹುಡುಕುವ ಬಗೆ

ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. “ಹದಿನೈದು ದಿನ ಆಯ್ತು ಕಣೋ, ಒಂದೇ ಒಂದು ಮೆಸೇಜ್ ಬಂದಿಲ್ಲ. ಎಲ್ಲರೂ ಒಟ್ಟಿಗೇ ರಿಪೇರಿ ಮಾಡೋದು ಬಿಟ್ಟುಬಿಟ್ಟರೋ ಹೇಗೆ?” ಅವರು ವರ್ಷಗಟ್ಟಲೆಯಿಂದ ಓದುತ್ತಿರುವುದು ಸೈ.ಎಲೆಕ್ಟ್ರಾನಿಕ್ಸ್.ರಿಪೇರ್ ಎಂಬ ಯೂಸ್‌ನೆಟ್ ಗುಂಪು. ಯೂಸ್‌ನೆಟ್ ಅಂದರೆ ಹಲವು ಸರ್ವರ್‌ಗಳು ಸೇರಿ ನಡೆಸುವ ಹಳೇ ಚರ್ಚಾಜಾಲ, ಅದರ ಒಂದೊಂದು ವಿಷಯದ ಗುಂಪೇ ನ್ಯೂಸ್‌ಗ್ರೂಪು. ಓದಲು ಬಳಸುವುದು ಲಿನಕ್ಸ್‌ನ ಕಪ್ಪು ಪರದೆಯ ಹಳೇ ರೀಡರ್, ಅಂದರೆ ಈ ಗುಂಪುಗಳನ್ನು ಓದುವ ಪ್ರೋಗ್ರಾಂ. ನನಗೆ ಫೋನ್ ಮಾಡುವಷ್ಟರಲ್ಲಿ ಆ ಪ್ರೋಗ್ರಾಮನ್ನು ಎರಡು ಸಲ ತೆಗೆದು ಮತ್ತೆ ಹಾಕಿದ್ದರು, ರೂಟರನ್ನು ಆಫ್ ಮಾಡಿ ಆನ್ ಮಾಡಿದ್ದರು, ಇಂಟರ್ನೆಟ್ ಕಂಪನಿಯವರಿಗೆ ಬೈದೂ ಆಗಿತ್ತು. ಮೂರರಿಂದಲೂ ಏನೂ ಆಗಿರಲಿಲ್ಲ.

ಆಗುವುದೂ ಇಲ್ಲ. ಪ್ರೋಗ್ರಾಮನ್ನು ತೆಗೆದು ಹಾಕಿದರೆ ಬದಲಾಗುವುದು ಪ್ರೋಗ್ರಾಂ ಮಾತ್ರ. ಯಾವ ಮೆಸೇಜು ಓದಿ ಆಯಿತು, ಯಾವುದನ್ನು ಮುಚ್ಚಿಡಬೇಕು ಎಂಬ ಲೆಕ್ಕವೆಲ್ಲ ನಿಮ್ಮ ಹೋಮ್ ಫೋಲ್ಡರಿನಲ್ಲೋ ಪ್ರೊಫೈಲಿನಲ್ಲೋ ಹಾಗೇ ಕೂತಿರುತ್ತದೆ. ಇ-ಮೇಲ್ ಜೊತೆಗೆ ಈ ಗುಂಪುಗಳನ್ನೂ ಓದಿಸುವ ಥಂಡರ್‌ಬರ್ಡ್ ಎಂಬ ಪ್ರೋಗ್ರಾಮಿನದೂ ಇದೇ ಕಥೆ. ಹೊಸ ಪ್ರೋಗ್ರಾಂ ಎದ್ದು ಅದೇ ಹಳೇ ಲೆಕ್ಕದ ಪುಸ್ತಕ ತೆರೆಯುತ್ತದೆ, ಅದೇ ತಪ್ಪನ್ನು ಮುಂದುವರಿಸುತ್ತದೆ.

ಹಾಗಾಗಿ ಏನನ್ನೂ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಾಣದ ಮೆಸೇಜು ಸರ್ವರ್‌ನಲ್ಲಿ ಇದೆಯೋ ಇಲ್ಲವೋ? ಇದ್ದರೆ ತಪ್ಪು ನಮ್ಮ ಮನೆಯದು. ಇಲ್ಲದಿದ್ದರೆ ನಾವು ಎಷ್ಟು ಸೆಟ್ಟಿಂಗ್ ತಿರುವಿದರೂ ಅದು ಬರುವುದಿಲ್ಲ.

ಎರಡು ಬಗೆಯ ನಂಬರು

ಯೂಸ್‌ನೆಟ್‌ಗೆ ಯಜಮಾನನಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಯೋಚಿಸಿದಾಗಿನಿಂದ ಮೂಲ ಪದ್ಧತಿ ಬದಲಾಗಿಲ್ಲ. ನೀವು ಬರೆದದ್ದು ನಿಮ್ಮ ಸರ್ವರ್‌ಗೆ ಹೋಗುತ್ತದೆ, ಅದು ಅಕ್ಕಪಕ್ಕದ ಸರ್ವರ್‌ಗಳಿಗೆ ಒಂದೊಂದು ಪ್ರತಿ ದಾಟಿಸುತ್ತದೆ, ಅವು ತಮ್ಮ ಅಕ್ಕಪಕ್ಕದವಕ್ಕೆ ದಾಟಿಸುತ್ತವೆ. ಮದುವೆಮನೆಯ ಸುದ್ದಿ ಊರಲ್ಲಿ ಹರಡಿದ ಹಾಗೆ. ಎಲ್ಲ ಸರ್ವರ್‌ನಲ್ಲೂ ಎಲ್ಲ ಮೆಸೇಜು ಇರಲೇಬೇಕೆಂದು ಯಾವ ನಿಯಮವೂ ಇಲ್ಲ.

ಹೀಗಾಗಿ ಪ್ರತಿ ಮೆಸೇಜಿಗೂ ಎರಡು ಗುರುತು. ಒಂದು ಮೆಸೇಜ್-ಐಡಿ: ರಿಜಿಸ್ಟರ್ಡ್ ಪೋಸ್ಟಿನ ನಂಬರಿದ್ದಂತೆ, ಜಗತ್ತಿನ ಯಾವ ಸರ್ವರ್‌ಗೆ ಹೋದರೂ ಅದೇ. ಇನ್ನೊಂದು ಕ್ರಮಸಂಖ್ಯೆ: ಬ್ಯಾಂಕಿನಲ್ಲಿ ಕೊಡುವ ಟೋಕನ್ನಿನಂತೆ, ಆಯಾ ಸರ್ವರ್ ತನಗೆ ಮೆಸೇಜು ಬಂದ ಸಾಲಿನಲ್ಲಿ ತಾನೇ ಹಾಕಿಕೊಂಡದ್ದು. ಜಯನಗರದ ಬ್ರಾಂಚಿನ ಟೋಕನ್ನು ಮಲ್ಲೇಶ್ವರದಲ್ಲಿ ನಡೆಯುವುದಿಲ್ಲ. ನಿಮ್ಮ ರೀಡರ್ ಮಾತ್ರ ಓದಿದ್ದು ಓದದ್ದರ ಲೆಕ್ಕವನ್ನು ಈ ಟೋಕನ್ ನಂಬರಿನ ಮೇಲೇ ಇಡುತ್ತದೆ. ನಾನು ನೋಡಿದ ರಗಳೆಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ್ದು ಇಲ್ಲೇ.

ಸರ್ವರನ್ನೇ ಕೇಳುವುದು

ಕಾಣೆಯಾದ ಮೆಸೇಜಿಗೆ ಯಾರಾದರೂ ಉತ್ತರ ಬರೆದಿದ್ದರೆ ಕೆಲಸ ಸುಲಭ. ಆ ಉತ್ತರವನ್ನು ತೆರೆದು ಅದರ ಮೂಲ ರೂಪ ನೋಡಿ. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಜೊತೆ ಯು ಒತ್ತಿದರೆ ಸಾಕು. ಮೇಲಿನ ಸಾಲುಗಳಲ್ಲಿ ‘ರೆಫರೆನ್ಸಸ್’ ಎಂದು ಒಂದಿರುತ್ತದೆ, ಅದರಲ್ಲಿ ಮುತ್ತಜ್ಜ, ಅಜ್ಜ, ಅಪ್ಪ ಎಂದು ವಂಶಾವಳಿಯ ಹಾಗೆ ಐಡಿಗಳ ಸಾಲು. ಕೊನೆಯದು ಯಾವುದೋ ಅದೇ ಆ ಉತ್ತರದ ಅಪ್ಪ, ಅಂದರೆ ನಮಗೆ ಬೇಕಾದ ಮೆಸೇಜು. ಆಚೀಚೆಯ ಬಾಣದ ಮೊನೆಯ ಚಿಹ್ನೆಗಳ ಸಮೇತ ಕಾಪಿ ಮಾಡಿಕೊಳ್ಳಿ. ಉತ್ತರ ಯಾರೂ ಬರೆದಿಲ್ಲವಾದರೆ, ಮೆಸೇಜು ಕಾಣುತ್ತಿರುವ ಸ್ನೇಹಿತರಿಂದ ಐಡಿ ತರಿಸಿಕೊಳ್ಳಿ.

ಈಗ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಪರದೆ) ತೆರೆದು ಸರ್ವರ್ ಜೊತೆ ನೇರ ಮಾತಾಡಬೇಕು. ಹೆದರಬೇಡಿ, ನ್ಯೂಸ್ ಸರ್ವರ್ ಜೊತೆ ಮಾತಾಡುವ ಬಗೆಯನ್ನು ಹೇಳುವ, 1986ರಲ್ಲಿ ಬರೆದಿಟ್ಟ ಎನ್‌ಎನ್‌ಟಿಪಿ ನಿಯಮ ಮನುಷ್ಯರಿಗೂ ಅರ್ಥವಾಗುವ ಹಾಗಿದೆ. ಬಾಗಿಲು ಎರಡು: 119ನೇ ಪೋರ್ಟ್ ಬೀಗವಿಲ್ಲದ್ದು, 563 ಬೀಗ ಹಾಕಿದ್ದು, ಅಂದರೆ ಮಾತು ಗೂಢಲಿಪಿಯಲ್ಲಿ ಹೋಗುವಂಥದ್ದು. ಮೊದಲನೆಯದಕ್ಕೆ ಟೆಲ್ನೆಟ್ ಎಂಬ ಪ್ರೋಗ್ರಾಂ ಸಾಕು (ವಿಂಡೋಸ್‌ನಲ್ಲಿ ಅದು ಆಫ್ ಆಗಿರುತ್ತದೆ, ವಿಂಡೋಸ್ ಫೀಚರ್ಸ್‌ಗೆ ಹೋಗಿ ಆನ್ ಮಾಡಬೇಕು). ಎರಡನೆಯದಕ್ಕೆ ಆ ಗೂಢಲಿಪಿ ಬಲ್ಲ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಂ ಬೇಕು. ಪಾಸ್‌ವರ್ಡ್ ಕೊಡಬೇಕಾದ ಸರ್ವರ್ ಆದರೆ 563ರಲ್ಲೇ ಹೋಗಿ. 119ರಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಅದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿದಂತೆ.

ಸರ್ವರ್ ನಮಸ್ಕಾರ ಹೇಳಿದ ಮೇಲೆ ‘ಸ್ಟ್ಯಾಟ್’ (STAT) ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಐಡಿಯನ್ನು ಅಂಟಿಸಿ ಎಂಟರ್ ಒತ್ತಿ. ಉತ್ತರದ ಮೊದಲ ಮೂರು ಅಂಕಿ ನೋಡಿದರೆ ಸಾಕು. 223 ಎಂದರೆ ಮೆಸೇಜು ಇಲ್ಲೇ ಇದೆ. 430 ಎಂದರೆ ನನ್ನ ಹತ್ತಿರ ಇಲ್ಲ. 480 ಎಂದರೆ ನೀವು ಯಾರೆಂದು ಹೇಳದೆ ಏನೂ ತೋರಿಸುವುದಿಲ್ಲ ಎಂದು. ‘ಆಥ್‌ಇನ್ಫೋ ಯೂಸರ್’ (AUTHINFO USER) ಎಂದು ಹೆಸರು ಕೊಡಿ, 381 ಬಂದರೆ ‘ಆಥ್‌ಇನ್ಫೋ ಪಾಸ್’ (AUTHINFO PASS) ಎಂದು ಗುಪ್ತಪದ ಕೊಡಿ. 281 ಬಂತೆಂದರೆ ಒಳಗೆ ಬಿಟ್ಟರು ಎಂದರ್ಥ.

480 ಬಂದವರಿಗೆ ಇನ್ನೊಂದು ಸುಳಿವು ಸಿಕ್ಕಿತು. ಕೆಲವು ಸರ್ವರ್‌ಗಳು ಹೆಸರು ಹೇಳದವರನ್ನು ಬಾಗಿಲಿಂದಲೇ ಕಳಿಸುವುದಿಲ್ಲ, ಒಳಗೆ ಬಿಟ್ಟು ಒಂದಷ್ಟು ಗುಂಪುಗಳನ್ನು ಮಾತ್ರ ತೋರಿಸುತ್ತವೆ. ಗುಂಪಿಗೆ ಗುಂಪೇ ಕಾಣೆಯಾಗಿದ್ದರೆ, ಥಂಡರ್‌ಬರ್ಡ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಸಲವೂ ದೃಢೀಕರಣ ಕೇಳು ಎನ್ನುವ ಚೌಕಕ್ಕೆ ಟಿಕ್ ಹಾಕಿ ನೋಡಿ.

223 ಬಂದರೆ: ಮನೆಯೊಳಗೇ ಇದೆ

ಮೊದಲು ನೋಡಬೇಕಾದ್ದು ಕಣ್ಣಿಗೆ ಪರದೆ ಕಟ್ಟಿರುವ ಸೆಟ್ಟಿಂಗುಗಳನ್ನು. ಥಂಡರ್‌ಬರ್ಡ್‌ನ ವ್ಯೂ ಮೆನುವಿನಲ್ಲಿ ಥ್ರೆಡ್ಸ್ ಎಂಬ ಕಡೆ (ಥ್ರೆಡ್ ಅಂದರೆ ಒಂದು ಮೆಸೇಜು ಮತ್ತು ಅದಕ್ಕೆ ಬಂದ ಉತ್ತರಗಳ ಸರಣಿ) ‘ಆಲ್’ ಇರಲಿ, ‘ಅನ್‌ರೆಡ್’ ಅಲ್ಲ. ಕ್ವಿಕ್ ಫಿಲ್ಟರ್ ಪಟ್ಟಿಯ ಎಡತುದಿಯಲ್ಲಿ ಒಂದು ಪಿನ್ ಇದೆ. ಅದು ಒತ್ತಿಕೊಂಡಿದ್ದರೆ, ನಿನ್ನೆ ಒಂದು ಗುಂಪಿನಲ್ಲಿ ಹುಡುಕಿದ ಪದ ಇವತ್ತು ಇನ್ನೊಂದು ಗುಂಪನ್ನೂ ಜರಡಿ ಹಿಡಿಯುತ್ತಿರುತ್ತದೆ. ಪಿನ್ ಬಿಡಿಸಿ.

ಆಮೇಲೆ ಕೆ ಎಂಬ ಕೀಲಿ. ಥಂಡರ್‌ಬರ್ಡ್‌ನ ಮೆಸೇಜು ಪಟ್ಟಿಯಲ್ಲಿ ಒಂಟಿ ಅಕ್ಷರಗಳೇ ಆಜ್ಞೆಗಳು: ಕೆ ಒತ್ತಿದರೆ ಆ ಥ್ರೆಡ್ ಇಡಿಯಾಗಿ ಕಡೆಗಣನೆ, ಶಿಫ್ಟ್ ಜೊತೆ ಕೆ ಒತ್ತಿದರೆ ಅದರ ಒಂದು ಕವಲು ಮಾತ್ರ, ಆರ್ ಒತ್ತಿದರೆ ಥ್ರೆಡ್ಡೆಲ್ಲ ಓದಿದ್ದಾಯಿತು, ಶಿಫ್ಟ್ ಜೊತೆ ಸಿ ಒತ್ತಿದರೆ ಗುಂಪೇ ಓದಿದ್ದಾಯಿತು. ನಾನೇ ಒಮ್ಮೆ ಹುಡುಕುವ ಪೆಟ್ಟಿಗೆಯಲ್ಲಿ ಕರ್ಸರ್ ಇದೆಯೆಂದುಕೊಂಡು, ಪರದೆ ನೋಡದೆ, ಇಂಗ್ಲಿಷ್ ಅಕ್ಷರದಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದೆ. ಕರ್ಸರ್ ಇದ್ದದ್ದು ಪಟ್ಟಿಯ ಮೇಲೆ. ಮೊದಲ ಕೆ ಅಕ್ಷರಕ್ಕೆ ನಾನು ಓದುತ್ತಿದ್ದ ಥ್ರೆಡ್ ಮಾಯ, ಎರಡು ಎನ್‌ಗಳಿಗೆ ಮುಂದಿನ ಎರಡು ಓದದ ಮೆಸೇಜು ತೆರೆದು ಓದಿದ ಲೆಕ್ಕಕ್ಕೆ ಹೋದವು. ಭಾಷಾಭಿಮಾನಕ್ಕೆ ತೆತ್ತ ಬೆಲೆ! ಹೀಗೆ ಕಳೆದದ್ದು ವಾಪಸ್ ಬೇಕೆಂದರೆ, ಅದೇ ವ್ಯೂ ಮೆನುವಿನ ಥ್ರೆಡ್ಸ್‌ನಲ್ಲಿ ‘ಇಗ್ನೋರ್ಡ್ ಥ್ರೆಡ್ಸ್’ ಆನ್ ಮಾಡಿದರೆ ಕಡೆಗಣಿಸಿದವು ಮತ್ತೆ ಕಾಣುತ್ತವೆ. ಅದರ ಮೇಲೆ ನಿಂತು ಇನ್ನೊಮ್ಮೆ ಕೆ ಒತ್ತಿ.

ಕಾಣುತ್ತಿದ್ದರೂ ಕಣ್ಣು ತಪ್ಪಿಸುವ ಮೆಸೇಜುಗಳೂ ಇವೆ. ಮೂರು ವರ್ಷದ ಹಿಂದಿನ ಥ್ರೆಡ್ಡಿಗೆ ಯಾರೋ ಇವತ್ತು ಉತ್ತರ ಬರೆದಿರುತ್ತಾರೆ. ಅದು ಆ ಹಳೇ ಥ್ರೆಡ್ಡಿನ ಮಡಿಕೆಯೊಳಗೆ, ಪಟ್ಟಿಯ ಎಲ್ಲೋ ಮೇಲ್ತುದಿಯಲ್ಲಿ ಸೇರಿಕೊಂಡು ಕೂತಿರಬಹುದು. ನಾವೋ, ಕೆಳತುದಿಯನ್ನೇ ನೋಡುತ್ತಿರುತ್ತೇವೆ. ಇನ್ನು ತಾರೀಖು: ಮೆಸೇಜಿನ ಮೇಲಿರುವ ತಾರೀಖನ್ನು ಬರೆಯುವುದು ಕಳಿಸಿದವರ ಕಂಪ್ಯೂಟರ್. ಅವರ ಗಡಿಯಾರ ಕೆಲವು ದಿನ ಹಿಂದಿದ್ದರೆ ಇವತ್ತಿನ ಮೆಸೇಜು ಹೋದ ವಾರದ ನಡುವೆ ನುಸುಳುತ್ತದೆ. ಎರಡಕ್ಕೂ ಒಂದೇ ಮದ್ದು. ಥ್ರೆಡ್ ಜೋಡಣೆ ತೆಗೆದು, ‘ಆರ್ಡರ್ ರಿಸೀವ್ಡ್’ ಎಂಬ ಕಾಲಮ್ಮಿನ ಪ್ರಕಾರ ಜೋಡಿಸಿ. ಸರ್ವರ್‌ಗೆ ಕೊನೆಗೆ ಬಂದದ್ದು ಪಟ್ಟಿಯಲ್ಲೂ ಕೊನೆಗೆ ಬರುತ್ತದೆ.

ಫಿಲ್ಟರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಅನುಭವ ಇದ್ದೇ ಇದೆ. ಜಾಹೀರಾತಿನ ಕಾಟ ತಡೆಯಲಾರದೆ ವಿಷಯದಲ್ಲಿ ‘ಸೇಲ್’ ಎಂದಿದ್ದರೆ ಅಳಿಸು ಎಂದು ನಾನೊಂದು ಫಿಲ್ಟರ್ ಹಾಕಿದ್ದೆ. ಇಂಗ್ಲಿಷಿನಲ್ಲಿ ಬರೆದಾಗ ಸೇಲಂ ಊರಿನ ಹೆಸರೊಳಗೂ ಆ ನಾಲ್ಕು ಅಕ್ಷರ ಸಾಲಾಗಿ ಇವೆ. ‘ಒಳಗೊಂಡಿದೆ’ ಎನ್ನುವ ಷರತ್ತನ್ನು ಕಂಡಲ್ಲೆಲ್ಲ ಅನುಮಾನದಿಂದ ನೋಡಿ, ಎಲ್ಲ ಫಿಲ್ಟರುಗಳ ಟಿಕ್ ತೆಗೆದು ಒಂದು ದಿನ ಬಿಡಿ.

ಇವೆಲ್ಲಕ್ಕಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಹೊಸ ಗುಂಪಿಗೆ ಸೇರಿದಾಗ, ಇಲ್ಲವೇ ಬಹಳ ದಿನ ಬಿಟ್ಟು ತೆರೆದಾಗ, ಥಂಡರ್‌ಬರ್ಡ್ ಒಂದು ಪೆಟ್ಟಿಗೆ ತೋರಿಸುತ್ತದೆ: ಇಷ್ಟು ಸಾವಿರ ಮೆಸೇಜಿನ ತಲೆಬರಹಗಳಿವೆ, ಎಲ್ಲ ಬೇಕೋ, 500 ಸಾಕೋ? ಅದರ ಕೆಳಗೆ ಚಿಕ್ಕದೊಂದು ಚೌಕ, ಉಳಿದವನ್ನು ಓದಿದ್ದೆಂದು ಗುರುತಿಸು ಎಂದು. ಆತುರದಲ್ಲಿ ಅದಕ್ಕೆ ಟಿಕ್ ಹಾಕಿ ಸರಿ ಎಂದಿರೋ, ಆ ಉಳಿದ ಸಾವಿರಗಳು ಲೆಕ್ಕದ ಪುಸ್ತಕದಲ್ಲಿ ಓದಿ ಮುಗಿದವು. ಮತ್ತೊಮ್ಮೆ ಕೇಳುವುದಿಲ್ಲ. ಆಮೇಲೆ ‘ಹಳೇ ಮೆಸೇಜುಗಳೆಲ್ಲ ಹೋದವು’ ಎಂದು ಹುಡುಕಾಟ. ಈ ಮಿತಿಯನ್ನೂ ಸರ್ವರ್ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು.

ಲೆಕ್ಕದ ಪುಸ್ತಕ

ಹಾಗಾದರೆ ಆ ಪುಸ್ತಕ ಎಲ್ಲಿದೆ? ಅದರ ಹೆಸರು ನ್ಯೂಸ್‌ಆರ್‌ಸಿ. ಹಳೇ ರೀಡರುಗಳಲ್ಲಿ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗು ಕಡತ. ಥಂಡರ್‌ಬರ್ಡ್‌ನಲ್ಲಿ ಅದರ ವಿಳಾಸ ಸರ್ವರ್ ಸೆಟ್ಟಿಂಗ್ಸ್ ಪುಟದ ಕೆಳಭಾಗದಲ್ಲಿರುತ್ತದೆ. ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಸಾಲಿಗೊಂದು ಗುಂಪು: ಹೆಸರು, ಆಮೇಲೆ ಎರಡು ಚುಕ್ಕಿ, ಆಮೇಲೆ ಓದಿ ಮುಗಿದ ಟೋಕನ್ನುಗಳು. 1-5400, 5402 ಎಂದಿದ್ದರೆ 5401 ಒಂದನ್ನು ಬಿಟ್ಟು 5402ರವರೆಗೆ ಎಲ್ಲ ಓದಿಯಾಗಿದೆ ಎಂದು. ಎರಡು ಚುಕ್ಕಿಯ ಬದಲು ಆಶ್ಚರ್ಯಸೂಚಕ ಇದ್ದರೆ ಆ ಗುಂಪಿನ ಚಂದಾ ಬಿಟ್ಟಿದ್ದೀರಿ ಎಂದು.

ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಆ ಸಾಲು ಓದಿಸಿದೆ. “1-187340 ಅಂತಿದೆ ಕಣೋ.” ಸರಿ, ಈಗ ಸರ್ವರ್‌ಗೆ ‘ಗ್ರೂಪ್’ ಎಂದು ಟೈಪ್ ಮಾಡಿ ಪಕ್ಕದಲ್ಲಿ ಗುಂಪಿನ ಹೆಸರು ಹಾಕಿ ಎಂದೆ. ಉತ್ತರ ಬಂತು: 211, 2236, 1, 2240, ಕೊನೆಗೆ ಗುಂಪಿನ ಹೆಸರು.

ಇದನ್ನು ಓದುವ ಬಗೆ ಹೀಗೆ. 211 ಎಂದರೆ ಗುಂಪು ಇದೆ (411 ಬಂದಿದ್ದರೆ ಆ ಹೆಸರಿನ ಗುಂಪೇ ಈ ಸರ್ವರ್‌ನಲ್ಲಿಲ್ಲ). ಮುಂದಿನದು ಅಂದಾಜು ಎಷ್ಟು ಮೆಸೇಜಿವೆ ಎಂದು. ಅದರ ಮುಂದಿನವು ಅತಿ ಚಿಕ್ಕ ಟೋಕನ್ನು ಮತ್ತು ಅತಿ ದೊಡ್ಡ ಟೋಕನ್ನು. 1ರಿಂದ 2240ರವರೆಗೆ ಎಣಿಸಿದರೆ 2240 ಇರಬೇಕು, ಸರ್ವರ್ 2236 ಎನ್ನುತ್ತಿದೆ. ಈ ನಾಲ್ಕರ ಕೊರತೆಗೆ ತಲೆ ಕೆಡಿಸಿಕೊಳ್ಳಬೇಡಿ, ನಡುವೆ ಒಂದೆರಡು ರದ್ದಾಗಿರುತ್ತವೆ, ಎಣಿಕೆಯೂ ಅಂದಾಜಿನದೇ. ನೋಡಬೇಕಾದ್ದು ಕೊನೆಯ ನಂಬರು. ಸರ್ವರ್‌ನ ಅತಿ ದೊಡ್ಡ ಟೋಕನ್ನು 2240. ಚಿಕ್ಕಪ್ಪನ ಪುಸ್ತಕವೋ 187340ರವರೆಗೆ ಓದಿಯಾಗಿದೆ ಎನ್ನುತ್ತಿದೆ!

ಆಗಿದ್ದಿಷ್ಟೆ. ಸರ್ವರ್ ನಡೆಸುವವರು ಹಳೇ ಯಂತ್ರ ಕೆಟ್ಟು ಹೊಸದನ್ನು ಕಟ್ಟಿದ್ದರು, ನಂಬರು ಮತ್ತೆ ಒಂದರಿಂದ ಶುರುವಾಗಿತ್ತು. ಹೊಸ ಮೆಸೇಜು ಎಷ್ಟು ಬಂದರೂ ರೀಡರ್ ‘ಇದನ್ನು ಆಗಲೇ ಓದಿದ್ದೀರಲ್ಲ’ ಎಂದು ತಳ್ಳಿಹಾಕುತ್ತಿತ್ತು. ಒಂದೂ ಮೆಸೇಜು ಕಳೆದಿರಲಿಲ್ಲ. ಹೀಗೇ ಬಿಟ್ಟಿದ್ದರೆ 187341ನೇ ಟೋಕನ್ನು ಬರುವವರೆಗೆ, ಅಂದರೆ ವರ್ಷಗಟ್ಟಲೆ, ಆ ಗುಂಪು ಮೌನವಾಗಿಯೇ ಇರುತ್ತಿತ್ತು. ನೀವಾಗಿಯೇ ಸರ್ವರ್ ಬದಲಿಸಿ ಹಳೇ ನ್ಯೂಸ್‌ಆರ್‌ಸಿಯನ್ನು ಜೊತೆಗೊಯ್ದರೂ ಇದೇ ಗತಿ. ಹೊಸ ಸರ್ವರ್‌ನ ನಂಬರು ದೊಡ್ಡದಾಗಿದ್ದರೆ ಉಲ್ಟಾ, ಓದಿದ್ದೆಲ್ಲ ಹೊಸದಾಗಿ ಬಂದು ಬೀಳುತ್ತದೆ.

ಸರಿಪಡಿಸಲು ಮೊದಲು ರೀಡರನ್ನು ಪೂರ್ತಿ ಮುಚ್ಚಿ. ತೆರೆದಿರುವಾಗ ತಿದ್ದಿದರೆ ಮುಚ್ಚುವಾಗ ಅದು ತನ್ನ ನೆನಪಿನಲ್ಲಿದ್ದದ್ದನ್ನೇ ಮತ್ತೆ ಬರೆದುಬಿಡುತ್ತದೆ, ನಿಮ್ಮ ತಿದ್ದುಪಡಿ ನೀರಿನಲ್ಲಿ ಹೋಮ. ಕಡತದ ಒಂದು ನಕಲು ಪಕ್ಕದಲ್ಲಿಟ್ಟು, ಆ ಗುಂಪಿನ ಸಾಲಿನಲ್ಲಿ ಎರಡು ಚುಕ್ಕಿಯ ನಂತರದ ಅಂಕಿಗಳನ್ನು ಅಳಿಸಿ ಕಡತವನ್ನು ಸೇವ್ ಮಾಡಿ. ಹತ್ತು ನಿಮಿಷದಲ್ಲಿ ಚಿಕ್ಕಪ್ಪನ ಪರದೆ ತುಂಬಿತು. “ಅಯ್ಯೋ, ಇವರು ನನ್ನನ್ನು ಬಿಟ್ಟು ಇಷ್ಟೆಲ್ಲ ಮಾತಾಡಿದ್ದಾರಲ್ಲೋ” ಎಂದರು.

ಥಂಡರ್‌ಬರ್ಡ್‌ನವರಿಗೆ ಒಂದು ಹೆಚ್ಚಿನ ಮಾತು. ಅಲ್ಲಿ ಪ್ರತಿ ಗುಂಪಿಗೂ ಎಂಎಸ್‌ಎಫ್ ಎಂಬ ಕೊನೆಹೆಸರಿನ ಒಂದು ಸೂಚಿ ಕಡತ ಇರುತ್ತದೆ. ಅದು ಹಾಳಾಗಿದ್ದರೆ, ಪ್ರೋಗ್ರಾಂ ಮುಚ್ಚಿ ಅದನ್ನು ಅಳಿಸಿದರೆ ಮುಂದಿನ ಸಲ ಹೊಸದು ಹುಟ್ಟುತ್ತದೆ. ಆದರೆ ಹೊಸ ಸೂಚಿಗೆ ಬೇಕಾದ ಸರಕು ಬರುವುದು ಸರ್ವರ್‌ನಿಂದ. ಸರ್ವರ್ ಆಗಲೇ ಹೊರಹಾಕಿದ ಹಳೇ ಮೆಸೇಜುಗಳು ನಿಮ್ಮ ಪಟ್ಟಿಯಲ್ಲಿ ಉಳಿದಿದ್ದರೆ, ಅಳಿಸಿದ ಮೇಲೆ ಅವು ಮತ್ತೆ ಬರುವುದಿಲ್ಲ. ಹಾಗಾಗಿ ಅಳಿಸುವ ಬದಲು ಹೆಸರು ಬದಲಿಸಿ ಇಟ್ಟುಕೊಳ್ಳಿ. ಜೊತೆಗೆ ಸೆಟ್ಟಿಂಗ್ಸ್‌ನ ಡಿಸ್ಕ್ ಸ್ಪೇಸ್ ಭಾಗವನ್ನೂ ನೋಡಿ. ಇಷ್ಟು ದಿನಕ್ಕಿಂತ ಹಳೆಯದನ್ನು ತೆಗೆ ಎಂದು ಯಾವತ್ತೋ ನೀವೇ ಬರೆದಿಟ್ಟು ಮರೆತಿರಬಹುದು.

430 ಬಂದರೆ

ಸರ್ವರ್‌ನಲ್ಲೇ ಇಲ್ಲ. ಕಾರಣ ಮೂರ್ನಾಲ್ಕು. ಬಂದಿತ್ತು, ಅವಧಿ ಮುಗಿದು ತೆಗೆದರು: ಯಾವ ಸರ್ವರ್ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂಬುದು ಅವರವರ ಡಿಸ್ಕು, ಅವರವರ ಮನಸ್ಸು. ಬಂದಿತ್ತು, ಬರೆದವರೇ ರದ್ದು ಆಜ್ಞೆ ಕಳಿಸಿದರು: ಆ ಆಜ್ಞೆಯನ್ನು ಕೆಲವು ಸರ್ವರ್ ಪಾಲಿಸುತ್ತವೆ, ಹಲವು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ನಿಮ್ಮಲ್ಲಿಲ್ಲದ್ದು ಸ್ನೇಹಿತರಲ್ಲಿ ಇರುವುದು ಸಾಮಾನ್ಯ. ಬರಲೇ ಇಲ್ಲ: ನಡುವಿನ ಯಾವುದೋ ಸರ್ವರ್ ಜಂಕ್ ಎಂದು ತಡೆಯಿತು. ಇನ್ನೊಂದು ಸರ್ವರ್‌ನಲ್ಲಿ ಉಚಿತ ಖಾತೆ ತೆಗೆದು ಅದೇ ಸ್ಟ್ಯಾಟ್ ಕೇಳಿದರೆ ನಿರ್ಧಾರವಾಗುತ್ತದೆ. ಎಟರ್ನಲ್ ಸೆಪ್ಟೆಂಬರ್‌ನಂಥವು ನೋಂದಣಿ ಮಾಡಿಸಿಕೊಂಡು ಪಠ್ಯದ ಗುಂಪುಗಳನ್ನು ಪುಕ್ಕಟೆ ಕೊಡುತ್ತವೆ. ಅಲ್ಲಿ 223 ಬಂದರೆ ಮೆಸೇಜನ್ನು ತೆರೆದು ‘ಪಾತ್’ ಸಾಲು ನೋಡಿ. ಆಶ್ಚರ್ಯಸೂಚಕಗಳ ನಡುವೆ ಅದು ಹಾದುಬಂದ ಸರ್ವರ್‌ಗಳ ಹೆಸರಿರುತ್ತದೆ, ಬಲದಿಂದ ಎಡಕ್ಕೆ ಓದಬೇಕು.

ಇಡೀ ಗುಂಪೇ ಸಪ್ಪಗಾಗಿದೆ, ಜನರೇ ಕಾಣೆಯಾಗಿದ್ದಾರೆ ಎನ್ನುವವರು ಒಂದು ತಾರೀಖು ನೆನಪಿಟ್ಟುಕೊಳ್ಳಿ: 2024ರ ಫೆಬ್ರವರಿ 22. ಅಂದಿನಿಂದ ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ಗೆ ಹೊಸ ಮೆಸೇಜು ಕಳಿಸುವುದನ್ನೂ ಅಲ್ಲಿಂದ ತರಿಸಿಕೊಳ್ಳುವುದನ್ನೂ ನಿಲ್ಲಿಸಿತು. ಅದರ ಮೂಲಕವೇ ಬರೆಯುತ್ತಿದ್ದವರಲ್ಲಿ ಎಷ್ಟೋ ಮಂದಿ ಅಲ್ಲಿಗೇ ನಿಂತರು. ಜೊತೆಗೆ ಜಂಕ್‌ನ ಪ್ರವಾಹವೂ ನಿಂತಿತು, ಅದೊಂದು ನೆಮ್ಮದಿ. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಗುಂಪಿನಲ್ಲಿ ತೊಂಬತ್ತರ ದಶಕದಲ್ಲಿ ಹೊರದೇಶದ ಕನ್ನಡಿಗರು ರೋಮನ್ ಲಿಪಿಯಲ್ಲಿ ಕನ್ನಡ ಬರೆದು ಹರಟುತ್ತಿದ್ದರು. ಇವತ್ತು ಅದನ್ನು ತೆರೆದು ಏನೂ ಇಲ್ಲವಲ್ಲ ಎಂದು ರೀಡರ್ ಮೇಲೆ ಅನುಮಾನ ಪಟ್ಟರೆ ಪ್ರಯೋಜನವಿಲ್ಲ. ಗೂಗಲ್ ಗ್ರೂಪ್ಸ್‌ನಲ್ಲಿ ಆ ತಾರೀಖಿಗೆ ಮುಂಚಿನ ಹಳೇ ಮೆಸೇಜುಗಳನ್ನು ಹುಡುಕಿ ಓದಬಹುದು.

ನಾವೇ ಬರೆದದ್ದು ಕಾಣದಿದ್ದರೆ

ಕಳಿಸಿದಾಗ ಸರ್ವರ್ 240 ಎಂದರೆ ತೆಗೆದುಕೊಂಡಿದೆ, 441 ಎಂದರೆ ತಿರಸ್ಕರಿಸಿದೆ. 441ರ ಪಕ್ಕದಲ್ಲಿ ಕಾರಣವನ್ನೂ ಬರೆದಿರುತ್ತದೆ, ಓದದೆ ಪೆಟ್ಟಿಗೆ ಮುಚ್ಚಬೇಡಿ. ನಿಮ್ಮ ಕಂಪ್ಯೂಟರಿನ ಗಡಿಯಾರ ಒಂದು ದಿನಕ್ಕಿಂತ ಮುಂದಿದ್ದರೂ, ಹತ್ತಾರು ದಿನ ಹಿಂದಿದ್ದರೂ ಸರ್ವರ್‌ಗಳು ಒಪ್ಪುವುದಿಲ್ಲ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೇ ಕಂಪ್ಯೂಟರುಗಳಲ್ಲಿ ಇದು ಮಾಮೂಲು.

240 ಬಂದೂ ಕಾಣದಿದ್ದರೆ, ಗುಂಪಿಗೆ ಮಾಡರೇಟರ್ ಇದ್ದಾರೆಯೇ ನೋಡಿ. ಇದ್ದರೆ ನಿಮ್ಮ ಮೆಸೇಜು ಮೊದಲು ಅವರಿಗೆ ಇ-ಮೇಲಾಗಿ ಹೋಗಿದೆ, ಅವರು ಒಪ್ಪಿದ ಮೇಲಷ್ಟೆ ಗುಂಪಿಗೆ ಬರುತ್ತದೆ. ಅದೂ ಅಲ್ಲದಿದ್ದರೆ ನೀವು ಉತ್ತರಿಸಿದ ಮೂಲ ಮೆಸೇಜಿನಲ್ಲಿ ‘ಫಾಲೋಅಪ್-ಟು’ ಎಂಬ ಸಾಲು ಇದೆಯೇ ಹುಡುಕಿ. ನಾಲ್ಕು ಗುಂಪಿಗೆ ಒಟ್ಟಿಗೆ ಬರೆದವರು, ಉತ್ತರ ಮಾತ್ರ ಐದನೆಯದಕ್ಕೆ ಹೋಗಲಿ ಎಂದು ಅಲ್ಲಿ ಬರೆದಿಟ್ಟಿರುತ್ತಾರೆ. ‘ಪೋಸ್ಟರ್’ ಎಂದಿದ್ದರೆ ಉತ್ತರ ಗುಂಪಿಗಲ್ಲ, ಅವರ ಇ-ಮೇಲಿಗೆ. ನಿಮ್ಮ ಮೆಸೇಜು ಸುರಕ್ಷಿತವಾಗಿ ತಲುಪಿದೆ, ನೀವು ನೋಡುತ್ತಿರುವ ಜಾಗ ಬೇರೆ.

ಕನ್ನಡದಲ್ಲಿ ಬರೆದಾಗ ಇನ್ನೊಂದು ತೊಡಕಿದೆ. ಕೆಲವು ಪ್ರೋಗ್ರಾಂಗಳು ಕನ್ನಡ ಪಠ್ಯವನ್ನು ಬೇಸ್64 ಎಂಬ, ಇಂಗ್ಲಿಷ್ ಅಕ್ಷರ ಅಂಕಿಗಳ ಸಂಕೇತ ರೂಪಕ್ಕೆ ತಿರುಗಿಸಿ ಕಳಿಸುತ್ತವೆ, ಹಳೇ ಓದುಗರಲ್ಲಿ ಕೆಲವರು ಅಂಥದ್ದನ್ನು ಜಂಕ್ ಎಂದೇ ಎಸೆಯುವ ಹಾಗೆ ಕಿಲ್‌ಫೈಲ್, ಅಂದರೆ ಬೇಡದ್ದನ್ನು ತೆಗೆದುಹಾಕುವ ಪಟ್ಟಿ, ಬರೆದಿರುತ್ತಾರೆ. ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಸಂಕೇತವನ್ನು ಎಂಟು ಬಿಟ್ ರೂಪದಲ್ಲೇ ಕಳಿಸುವ ಹಾಗೆ ಇಟ್ಟುಕೊಳ್ಳಿ. ಪ್ರಯೋಗ ಮಾಡಬೇಕೆಂದರೆ ಮಿಸ್ಕ್.ಟೆಸ್ಟ್, ಆಲ್ಟ್.ಟೆಸ್ಟ್ ಎಂಬ ಗುಂಪುಗಳು ಅದಕ್ಕೆಂದೇ ಇವೆ. ಹರಟೆಯ ಗುಂಪಿನಲ್ಲಿ ‘ಟೆಸ್ಟಿಂಗ್’ ಎಂದು ಬರೆದರೆ ಬೈಸಿಕೊಳ್ಳುತ್ತೀರಿ.

ಇಷ್ಟಾದ ಮೇಲೂ ಗಂಟು ಬಿಡದಿದ್ದರೆ ಸರ್ವರ್ ನಡೆಸುವವರಿಗೆ ಬರೆಯಿರಿ. ಬಹಳಷ್ಟು ಕಡೆ ಅವರು ಸಂಬಳವಿಲ್ಲದೆ, ಪ್ರೀತಿಗೆ ಮಾಡುವವರು. ‘ಮೆಸೇಜು ಬರ್ತಿಲ್ಲ, ಸರಿ ಮಾಡಿ’ ಎಂದಷ್ಟೇ ಬರೆದರೆ ಅವರೇನು ಮಾಡಿಯಾರು? ಗುಂಪಿನ ಹೆಸರು, ಕಾಣದ ಮೆಸೇಜಿನ ಐಡಿ, 211ರಿಂದ ಶುರುವಾಗುವ ಸಾಲು ಇದ್ದದ್ದು ಇದ್ದ ಹಾಗೆ, ಸ್ಟ್ಯಾಟ್‌ಗೆ ಅವರ ಸರ್ವರ್ ಕೊಟ್ಟ ಉತ್ತರ, ಬೇರೆ ಸರ್ವರ್‌ನಲ್ಲಿ ಸಿಕ್ಕಿದ್ದರೆ ಅಲ್ಲಿಯ ಪಾತ್ ಸಾಲು, ಇವಿಷ್ಟನ್ನು ಕಳಿಸಿ. ಚಿಕ್ಕಪ್ಪ ಈಗ ನನಗೆ ಫೋನ್ ಮಾಡುವಾಗಲೂ ಮೊದಲು 211ರ ಸಾಲನ್ನೇ ಓದುತ್ತಾರೆ, ಕ್ಷೇಮಸಮಾಚಾರ ಆಮೇಲೆ.